ಹೆಸರಾಂತ ಆಟಗಾರರು ಕೋಚ್ ಆದಾಗ: ಬೆಂಗಳೂರಿನ ಮಕ್ಕಳ ಫುಟ್‌ಬಾಲ್ ತರಬೇತಿ ಕೊಟ್ಟ ದುಡ್ಡಿಗೆ ಸರಿಯೇ?

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಹಸಿರು ಬಲೆ ಕಟ್ಟಿದ, ಕೃತಕ ಹುಲ್ಲಿನ ಟರ್ಫ್ ಒಂದು ಸಿಗುತ್ತದೆ. ಗೇಟಿನ ಪಕ್ಕದ ಬ್ಯಾನರಿನಲ್ಲಿ ಶನಿವಾರ, ಭಾನುವಾರದ ಬ್ಯಾಚುಗಳ ಹೊತ್ತು, ಒಂದು ಮೊಬೈಲ್ ನಂಬರು, ಅದರ ಮೇಲೆ ದಪ್ಪಕ್ಷರದಲ್ಲಿ ‘ಮಾಜಿ ಆಟಗಾರರಿಂದ ತರಬೇತಿ’. ಅಪ್ಪ ಅಮ್ಮಂದಿರು ಫೀಸು ಕಟ್ಟುವುದು ಆ ದಪ್ಪಕ್ಷರ ನೋಡಿ. ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿರುವುದೂ ಅದನ್ನೇ: ಆಡಿ ಹೆಸರು ಮಾಡಿದವರು ಕೋಚ್ ಆಗಿ 6ರಿಂದ 14 ವರ್ಷದ ಮಕ್ಕಳಿಗೆ ಕೊಡುವ ವಾರಾಂತ್ಯದ ತರಬೇತಿ. ಒಂದು ಅಕಾಡೆಮಿಯ ಹೆಸರು ಹಿಡಿದು ಹೊಗಳುವ, ತೆಗಳುವ ಉದ್ದೇಶವಿಲ್ಲ. ಈ ಬಗೆಯ ಸೇವೆ ಹೇಗಿದ್ದರೆ ಚೆನ್ನ, ಎಲ್ಲಿ ಕೈಕೊಡುತ್ತದೆ, ಯಾಕೆ ಕೈಕೊಡುತ್ತದೆ ಎಂಬುದಷ್ಟೇ ಇಲ್ಲಿನ ಮಾತು.

ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಬ್ಯಾನರಿನಲ್ಲಿ ಹೆಸರಿರುವವರೇ ಗ್ರೌಂಡಿನಲ್ಲಿ ನಿಂತು ಕಲಿಸುತ್ತಿದ್ದರೆ, ಒಬ್ಬ ಕೋಚ್‌ಗೆ 12ರಿಂದ 14 ಮಕ್ಕಳು ಮಾತ್ರ ಇದ್ದರೆ, ಮಗುವಿಗೊಂದರಂತೆ ಚೆಂಡಿದ್ದರೆ, ಈ ದುಡ್ಡು ಸಾರ್ಥಕ. ಈ ಮೂರರಲ್ಲಿ ಒಂದು ತಪ್ಪಿದರೂ ಅದೇ ದುಡ್ಡಿಗೆ ಒಂದು ಒಳ್ಳೆಯ ಚೆಂಡು ಕೊಡಿಸಿ ಮಗುವನ್ನು ಹತ್ತಿರದ ಮೈದಾನಕ್ಕೆ ಕಳಿಸುವುದು ಮೇಲು.

ಆಟಗಾರ ಕೋಚ್ ಆಗುವುದು ಎಂದರೇನು ಎಂದು ತಿಳಿಯಲು ದೂರ ಹೋಗಬೇಕಿಲ್ಲ, ಕಾರ್ಲ್‌ಟನ್ ಚಾಪ್‌ಮನ್ ಅವರ ಬದುಕು ನೋಡಿದರೆ ಸಾಕು. 1971ರ ಏಪ್ರಿಲ್ 13ರಂದು ಇದೇ ಊರಲ್ಲಿ ಹುಟ್ಟಿದವರು. ಇಲ್ಲಿನ ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರದಲ್ಲಿ ಆಡಿ, 1990ರ ಸುಮಾರಿಗೆ ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದರು. 1993ರಲ್ಲಿ ಕೋಲ್ಕತ್ತದ ಕ್ಲಬ್ ಈಸ್ಟ್ ಬೆಂಗಾಲ್. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜಾವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6–2ರಿಂದ ಸೋಲಿಸಿತು. ಮಿಡ್‌ಫೀಲ್ಡರ್ ಆಗಿದ್ದ ಚಾಪ್‌ಮನ್ ಆ ದಿನ ಹ್ಯಾಟ್ರಿಕ್ ಹೊಡೆದರು. ಆಮೇಲೆ ಪಂಜಾಬಿನ ಫಗ್ವಾರದ ಕ್ಲಬ್ ಜೆಸಿಟಿ. ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ ಮುಂದೆ, ಅವರಿಗೆ ಚೆಂಡು ಒದಗಿಸಲು ಹಿಂದೆ ಚಾಪ್‌ಮನ್: 1996–97ರ ಮೊಟ್ಟಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಜೆಸಿಟಿ ಪಾಲಾಯಿತು. ನಡುವೆ ಎಫ್‌ಸಿ ಕೊಚ್ಚಿನ್‌ಗೆ ಹೋಗಿ, ಮತ್ತೆ ಈಸ್ಟ್ ಬೆಂಗಾಲ್‌ಗೆ ಬಂದು, ನಾಯಕನಾಗಿ 2000–01ರ ಲೀಗ್ ಗೆದ್ದುಕೊಟ್ಟರು. ಭಾರತ ತಂಡದ ನಾಯಕನೂ ಆಗಿದ್ದರು.

ಈ ವಿಮರ್ಶೆಗೆ ಬೇಕಾದ ಭಾಗ ಶುರುವಾಗುವುದು ಅಲ್ಲಿಂದ ಮುಂದೆ. 2001ರಲ್ಲಿ ಆಟ ನಿಲ್ಲಿಸಿದ ಚಾಪ್‌ಮನ್ ಮರುವರ್ಷವೇ ತಾವು ಕಲಿತ ಟಾಟಾ ಅಕಾಡೆಮಿಗೆ ಕೋಚ್ ಆಗಿ ಹೋದರು, ಹದಿಹರೆಯದ ಹುಡುಗರ ನಡುವೆ ವರ್ಷಗಟ್ಟಲೆ ಕಳೆದರು. ಬಳಿಕ ಶಿಲ್ಲಾಂಗ್‌ನ ರಾಯಲ್ ವಾಹಿಂಗ್‌ಡೊ, ಕೊನೆಯಲ್ಲಿ ಕೋಳಿಕ್ಕೋಡಿನ ಕ್ವಾರ್ಟ್ಸ್. 2020ರ ಅಕ್ಟೋಬರ್ 12ರಂದು, 49ನೇ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು. ಅಷ್ಟು ದೊಡ್ಡ ಹೆಸರಿದ್ದವರು ಕೋಚ್ ಆಗಿ ಹಿಡಿದ ದಾರಿ ಇದು: ಸ್ಟಾರ್‌ಗಳ ತಂಡ ಬಿಟ್ಟು, ಎಳೆಯರು ಬೆಳೆಯುವ ಜಾಗಕ್ಕೆ ಹೋಗಿ ದಿನಾ ಗ್ರೌಂಡಿಗೆ ಇಳಿಯುವುದು. ಮಕ್ಕಳ ತರಬೇತಿಗೆ ಫೀಸು ಕಟ್ಟುವವರು ಕೊಂಡುಕೊಳ್ಳುತ್ತಿರುವುದು ಆ ದಿನಾ ಇಳಿಯುವಿಕೆಯನ್ನು. ಹ್ಯಾಟ್ರಿಕ್ ಕೋಚ್ ಜೊತೆಗೇ ಉಳಿಯುತ್ತದೆ, ಮಗುವಿಗೆ ದಾಟುವುದಿಲ್ಲ.

ಇನ್ನೊಂದು ಕಡೆಯಿಂದಲೂ ನೋಡಬೇಕು: ದೊಡ್ಡ ಆಟಗಾರರಾಗಿರದವರೂ ಒಳ್ಳೆಯ ಕೋಚ್ ಆಗುತ್ತಾರೆ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿಗೆ ಮೊದಲ ಸೀಸನ್ನಿನಲ್ಲೇ ಆಗಿನ ದೇಶದ ಮುಖ್ಯ ಲೀಗ್ ಆಗಿದ್ದ ಐ-ಲೀಗ್ ಗೆದ್ದುಕೊಟ್ಟ ಕೋಚ್ ಆ್ಯಶ್ಲಿ ವೆಸ್ಟ್‌ವುಡ್, ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡದಲ್ಲಿ ಬೆಳೆದರೂ ಮುಂದೆ ಆಡಿದ್ದು ಕ್ರೂ, ಬ್ರಾಡ್‌ಫರ್ಡ್, ಶೆಫೀಲ್ಡ್ ವೆನ್ಸ್‌ಡೇಯಂಥ ತಂಡಗಳಲ್ಲಿ. 2015–16ರಲ್ಲಿ ಅದೇ ಪಟ್ಟವನ್ನು ಮತ್ತೆ ತಂದರು. ಮುಂದೆ ಅದೇ ತಂಡದ ಕೋಚ್ ಆದ ಕಾರ್ಲೆಸ್ ಕ್ವಾಡ್ರಾಟ್ ಬಾರ್ಸಿಲೋನಾ ಕ್ಲಬ್ಬಿನ ಯುವ ಅಕಾಡೆಮಿ ಲಾ ಮಾಸಿಯಾದಲ್ಲಿ ಕಲಿತವರು, ಆಟಗಾರನಾಗಿ ಜಗತ್ತಿಗೆ ಗೊತ್ತಾದವರಲ್ಲ. ಆದರೆ 2019ರ ಮಾರ್ಚ್ 17ರಂದು ಮುಂಬೈನಲ್ಲಿ ಅವರ ಬೆಂಗಳೂರು ತಂಡ ಆಡಿದ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್ ನೆನಪಿಸಿಕೊಳ್ಳಿ. ಗೋವಾ ಎದುರು ಗೋಲಿಲ್ಲದೆ 90 ನಿಮಿಷ ಕಳೆದು, ಹೆಚ್ಚುವರಿ ಸಮಯವೂ ಮುಗಿಯುತ್ತ ಬಂದಾಗ, 117ನೇ ನಿಮಿಷದಲ್ಲಿ ಡಿಮಾಸ್ ಡೆಲ್ಗಾಡೊ ಕಾರ್ನರ್, ರಾಹುಲ್ ಭೇಕೆ ಹೆಡರ್, 1–0. ಕಾರ್ನರ್ ಹೊತ್ತಲ್ಲಿ ಯಾರು ಎಲ್ಲಿ ನಿಲ್ಲಬೇಕು, ಯಾರು ಯಾವಾಗ ಓಡಬೇಕು ಎಂಬುದು ತರಬೇತಿಯ ಗ್ರೌಂಡಿನಲ್ಲಿ ತೀರ್ಮಾನವಾಗುವ ಕೆಲಸ. ಹಾಗಾಗಿ ಬ್ಯಾನರಿನ ‘ಮಾಜಿ ಆಟಗಾರ’ ಎಂಬುದಕ್ಕೆ ಸಣ್ಣ ಅಂಕ ಕೊಡಿ. ಸಣ್ಣದಾದರೂ ಕೊಡಲೇಬೇಕು, ಯಾಕೆ ಎಂದು ಮುಂದೆ ಬರುತ್ತದೆ.

ಮೊದಲು ಕೇಳಬೇಕಾದ್ದು ಲೈಸೆನ್ಸು. ಭಾರತದಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ (ಎಐಎಫ್‌ಎಫ್) ಕೊಡುವ ಮೆಟ್ಟಿಲುಗಳು ಕೆಳಗಿನಿಂದ ಇ, ಡಿ, ಸಿ, ಬಿ, ಎ, ಕೊನೆಗೆ ಪ್ರೊ. ಐಎಸ್‌ಎಲ್ ತಂಡದ ಮುಖ್ಯ ಕೋಚ್‌ಗೆ ಪ್ರೊ ಮಟ್ಟದ್ದೇ ಬೇಕು, ಮಕ್ಕಳ ಬ್ಯಾಚಿಗೆ ಅಷ್ಟು ಬೇಡ. ಆರೇಳು ವರ್ಷದವರಿಗೆ ಡಿ ಸಾಕು; 12 ದಾಟಿ ಲೀಗ್ ಆಡುವ ಮಕ್ಕಳಿದ್ದರೆ ಸಿ ಇರುವವರು ಒಬ್ಬರಾದರೂ ಇರಬೇಕು. ‘ಸರ್, ನಿಮ್ಮ ಲೈಸೆನ್ಸ್ ಯಾವುದು, ಯಾವ ವರ್ಷದ್ದು?’ ಎಂದು ನೇರವಾಗಿ ಕೇಳಿ. ಇದರಲ್ಲಿ ಮುಜುಗರ ಬೇಡ. ಕಷ್ಟಪಟ್ಟು ಕೋರ್ಸ್ ಮುಗಿಸಿದವರು ಸರ್ಟಿಫಿಕೇಟನ್ನು ಫೋನಿನಲ್ಲೇ ತೆಗೆದು ತೋರಿಸುತ್ತಾರೆ. ‘ನಾನು ಸಂತೋಷ್ ಟ್ರೋಫಿ ಆಡಿದವನು, ನನಗ್ಯಾಕೆ ಲೈಸೆನ್ಸು’ (ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿ ಅದು) ಎಂಬ ಉತ್ತರ ಬಂದರೆ ಅವರ ಆಟಕ್ಕೆ ಗೌರವ ಕೊಟ್ಟು, ಮಗುವನ್ನು ಬೇರೆ ಕಡೆ ಸೇರಿಸಿ. ತನಗೆ ಬರುವುದನ್ನು ಹತ್ತು ವರ್ಷದವರಿಗೆ ತಿಳಿಯುವಂತೆ ಒಡೆದು ಹೇಳುವುದು ಬೇರೆಯೇ ವಿದ್ಯೆ, ಆ ಕೋರ್ಸುಗಳು ಕಲಿಸುವುದು ಅದನ್ನು.

ಈಗ ಗ್ರೌಂಡಿಗೆ ಬನ್ನಿ. ಡೆಮೊ ಕ್ಲಾಸಿನಲ್ಲಿ ಕೈಗಡಿಯಾರ ಹಿಡಿದು ಒಂದೇ ಒಂದು ಲೆಕ್ಕ ಮಾಡಿ. 12 ಮಕ್ಕಳು ಸಾಲಾಗಿ ನಿಂತು, ಒಬ್ಬರಾದ ಮೇಲೆ ಒಬ್ಬರು ಕೋನ್‌ಗಳ ನಡುವೆ ಚೆಂಡು ಓಡಿಸುತ್ತಾರೆ ಎಂದುಕೊಳ್ಳಿ. ಒಬ್ಬರಿಗೆ 10 ಸೆಕೆಂಡು. ಒಂದು ಸುತ್ತಿಗೆ ಎರಡು ನಿಮಿಷ. ಕಾಲು ಗಂಟೆಯಲ್ಲಿ ಒಂದು ಮಗುವಿಗೆ ಬರುವುದು ಏಳೆಂಟು ಸರದಿ, ಅಂದರೆ ಒಟ್ಟು 75 ಸೆಕೆಂಡು. ಉಳಿದ ಹದಿಮೂರು ಮುಕ್ಕಾಲು ನಿಮಿಷ ಮಗು ನಿಂತಿರುತ್ತದೆ, ಪಕ್ಕದವರನ್ನು ತಳ್ಳುತ್ತದೆ, ಬೈಸಿಕೊಳ್ಳುತ್ತದೆ. ಅದೇ ಕಾಲು ಗಂಟೆ 15 ಮೀಟರ್ ಚೌಕದೊಳಗೆ ಎಲ್ಲರಿಗೂ ಒಂದೊಂದು ಚೆಂಡು ಕೊಟ್ಟು ಬಿಟ್ಟರೆ ಪ್ರತಿ ಮಗುವಿನ ಕಾಲಿಗೂ ಚೆಂಡು ನೂರಾರು ಸಲ ತಾಗುತ್ತದೆ, ಡಿಕ್ಕಿ ತಪ್ಪಿಸಲು ತಲೆ ಎತ್ತುವುದೂ ತಾನಾಗಿ ಬರುತ್ತದೆ. ಈ ಸೇವೆಯಲ್ಲಿ ಅತಿ ಹೆಚ್ಚು ಕಾಣುವ ಕೊರತೆ ಈ ಸಾಲು. ಕಾರಣ ಸರಳ: ಚೆಂಡು ಕಮ್ಮಿ, ಟರ್ಫಿನ ಅರ್ಧ ಭಾಗ ಮಾತ್ರ ಬಾಡಿಗೆಗೆ ತೆಗೆದುಕೊಂಡಿರುತ್ತಾರೆ, 25 ಮಕ್ಕಳಿಗೆ ಒಬ್ಬರೇ ಕೋಚ್. ಸಾಲು ಶಿಸ್ತಿನಂತೆ ಕಾಣುವುದರಿಂದ ಹೊರಗೆ ಕೂತ ದೊಡ್ಡವರಿಗೆ ಹಿಡಿಸುತ್ತದೆ.

75 ನಿಮಿಷದ ತರಗತಿ ಸುಮಾರಾಗಿ ಹೀಗೆ ಹಂಚಿಕೆಯಾಗಿರಬೇಕು: ಮೊದಲ 15 ನಿಮಿಷ ಚೆಂಡಿನ ಜೊತೆಗೇ ವಾರ್ಮ್ ಅಪ್, ಮುಂದಿನ 20 ನಿಮಿಷ ಆ ದಿನದ ಒಂದೇ ಒಂದು ಪಾಠ, 15 ನಿಮಿಷ ಅದೇ ಪಾಠ ಎದುರಾಳಿಯ ಜೊತೆ, ಅಂದರೆ 2 ಎದುರು 1 ಅಥವಾ 4 ಎದುರು 2ರ ರೊಂಡೊ (ಸುತ್ತ ನಿಂತವರು ಪಾಸ್ ಮಾಡುವುದು, ನಡುವಿನವರು ಚೆಂಡು ಕಿತ್ತುಕೊಳ್ಳಲು ನೋಡುವುದು), ಕೊನೆಯ 25 ನಿಮಿಷ ಸಣ್ಣ ತಂಡಗಳ ಆಟ. ಎಂಟೊಂಬತ್ತು ವರ್ಷದವರಿಗೆ 4 ಎದುರು 4 ಇಲ್ಲವೇ 5 ಎದುರು 5 ಸರಿ. ಆ ವಯಸ್ಸಿನವರನ್ನು 11 ಜನರ ಪೂರ್ತಿ ಮೈದಾನಕ್ಕೆ ಬಿಟ್ಟರೆ ಬಲವಾದ ಇಬ್ಬರು ಆಡುತ್ತಾರೆ, ಉಳಿದವರು ಓಡಾಡುತ್ತಾರೆ. ನೀರು ಕುಡಿಯುವ ಹೊತ್ತು ಇದರೊಳಗೇ ಸೇರಿರಬೇಕು.

ಮಾಜಿ ಆಟಗಾರರ ಬೆಲೆ ಕಾಣುವುದು ಆ 20 ನಿಮಿಷದಲ್ಲಿ. ಉದಾಹರಣೆಗೆ ಚೆಂಡು ಬರಮಾಡಿಕೊಳ್ಳುವ ಪಾಠ ತೆಗೆದುಕೊಳ್ಳಿ. 8 ಮೀಟರ್ ಚೌಕ, ನಾಲ್ಕು ಮೂಲೆಗೆ ನಾಲ್ಕು ಕೋನ್, ನಾಲ್ಕು ಮಕ್ಕಳು. ಚೆಂಡು ಮೂಲೆಯಿಂದ ಮೂಲೆಗೆ ಸುತ್ತಬೇಕು. ಹೊಸ ಮಗು ಏನು ಮಾಡುತ್ತದೆ ನೋಡಿ. ಪಾಸ್ ಕೊಡುವವನ ಕಡೆ ಎದೆ ತಿರುಗಿಸಿ, ಎರಡೂ ಪಾದ ನೆಲಕ್ಕೆ ಅಂಟಿಸಿ ನಿಲ್ಲುತ್ತದೆ. ಚೆಂಡು ಬಂದಾಗ ಅಂಗಾಲಲ್ಲಿ ಒತ್ತಿ ನಿಲ್ಲಿಸುತ್ತದೆ. ಆಮೇಲೆ ತಿರುಗುತ್ತದೆ, ಆಮೇಲೆ ತಲೆ ಎತ್ತುತ್ತದೆ, ಆಮೇಲೆ ಪಾಸ್. ನಾಲ್ಕು ಕೆಲಸ ಒಂದರ ಹಿಂದೊಂದು. ಪಂದ್ಯದಲ್ಲಿ ಎರಡನೆಯದು ಮುಗಿಯುವಷ್ಟರಲ್ಲಿ ಎದುರಾಳಿ ಬಂದು ಚೆಂಡು ಕಿತ್ತುಕೊಂಡಿರುತ್ತಾನೆ.

ಲೈಸೆನ್ಸು ಮಾತ್ರ ಇರುವ ಕೋಚ್ ಇದಕ್ಕೆ ಪುಸ್ತಕದ ತಿದ್ದುಪಡಿ ಹೇಳುತ್ತಾರೆ: ಮೈ ಅಡ್ಡ ತಿರುಗಿಸು, ದೂರದ ಕಾಲಿನಲ್ಲಿ ತೆಗೆದುಕೋ. ಅದು ಸರಿಯೇ. ಮೇಲಿನ ಹಂತದಲ್ಲಿ ಆಡಿದವರು ಅದಕ್ಕೆ ಒಂದು ಹೊತ್ತನ್ನು ಸೇರಿಸುತ್ತಾರೆ: ಚೆಂಡು ಗೆಳೆಯನ ಕಾಲು ಬಿಟ್ಟು ನಿನ್ನ ಕಡೆ ಉರುಳುತ್ತಿರುವಾಗಲೇ ಹೆಗಲ ಮೇಲಿಂದ ಹಿಂದೆ ನೋಡು, ಚೆಂಡು ಬಂದ ಮೇಲಲ್ಲ. ಆ ಒಂದು ಸೆಕೆಂಡಿನಲ್ಲಿ ಚೆಂಡಿನ ದಾರಿ ಬದಲಾಗುವುದಿಲ್ಲ, ನೋಡಲು ಭಯಪಡಬೇಕಿಲ್ಲ ಎಂದು ಮಗುವಿಗೆ ಧೈರ್ಯ ತುಂಬುತ್ತಾರೆ. ಪಾಸ್ ಕೊಟ್ಟವನನ್ನೂ ಬಿಡುವುದಿಲ್ಲ. ಗೆಳೆಯನ ಹತ್ತಿರದ ಕಾಲಿಗೆ ಕೊಟ್ಟರೆ ಅವನು ತಿರುಗಲಾರ, ದೂರದ ಕಾಲಿಗೆ ಕೊಡು, ಅವನು ಹೆಜ್ಜೆ ಹಾಕುವಾಗಲೇ ಚೆಂಡು ಸಿಗುವಷ್ಟು ಬಿರುಸಾಗಿ ಕೊಡು. ತಪ್ಪು ತೆಗೆದುಕೊಂಡವನದ್ದಾಗಿ ಕಂಡರೂ ಮೂಲ ಕೊಟ್ಟವನಲ್ಲಿರುತ್ತದೆ ಎಂದು ಗುರುತಿಸುವ ಕಣ್ಣು, ಒತ್ತಡದಲ್ಲಿ ಚೆಂಡು ಆಡಿದವರಿಗೆ ಬೇಗ ಬರುತ್ತದೆ. ಆ ಸಣ್ಣ ಅಂಕ ಕೊಡಬೇಕು ಎಂದದ್ದು ಇದಕ್ಕೇ. ಇಂಥ ಒಂದು ತಿದ್ದುಪಡಿ ಡೆಮೊ ಕ್ಲಾಸಿನಲ್ಲಿ ಕಿವಿಗೆ ಬಿದ್ದರೆ ಸೇರಿಸಲು ಹಿಂಜರಿಯಬೇಡಿ.

ಆಡಿದವರಿಗೆ ಅಂಟಿಕೊಂಡ ತಪ್ಪುಗಳೂ ಇವೆ, ಅವು ಹೆಚ್ಚುಕಡಿಮೆ ಎಲ್ಲೆಡೆ ಒಂದೇ ಬಗೆ. ಒಂದು, ತಾವೇ ಆಡಿ ತೋರಿಸುತ್ತ ಹೋಗುವುದು. ಮೂವತ್ತು ಸೆಕೆಂಡಿನ ಪ್ರದರ್ಶನ ಐದು ನಿಮಿಷವಾಗುತ್ತದೆ, ಮಕ್ಕಳು ಬಾಯಿ ಬಿಟ್ಟು ನೋಡುತ್ತಾರೆ, ಅಷ್ಟು ಹೊತ್ತು ಅವರ ಕಾಲು ಚೆಂಡು ಮುಟ್ಟಿರುವುದಿಲ್ಲ. ಎರಡು, ಆಟದ ನಡುವೆ ಗೆರೆಯಾಚೆಯಿಂದ ‘ಪಾಸ್! ಶೂಟ್! ಹಿಂದೆ ಬಾ!’ ಎಂದು ಕೂಗುತ್ತಲೇ ಇರುವುದು. ತೀರ್ಮಾನ ಕೋಚ್ ಮಾಡಿದರೆ ಮಗು ಕಾಯುವುದನ್ನು ಮಾತ್ರ ಕಲಿಯುತ್ತದೆ. ಒಳ್ಳೆಯವರು ಆಟ ನಿಲ್ಲಿಸಿ, ಎಲ್ಲರನ್ನೂ ಇದ್ದಲ್ಲೇ ನಿಲ್ಲಿಸಿ, ‘ಈಗ ಯಾರು ಖಾಲಿ ಇದ್ದಾರೆ?’ ಎಂದು ಕೇಳಿ, ಹತ್ತು ಸೆಕೆಂಡಿನಲ್ಲಿ ಮತ್ತೆ ಶುರು ಮಾಡಿಸುತ್ತಾರೆ. ಮೂರು, ತಪ್ಪಿಗೆ ಶಿಕ್ಷೆಯಾಗಿ ಸುತ್ತು ಓಡಿಸುವುದು. ಅವರು ಬೆಳೆದ ಕಾಲದ ರೂಢಿ ಅದು. ಓಟವನ್ನು ಶಿಕ್ಷೆ ಮಾಡಿದರೆ, ಓಡುವುದೇ ಆಟವಾಗಿರುವ ಕಡೆ ಮಗು ಓಟವನ್ನು ದ್ವೇಷಿಸುತ್ತದೆ. ಇದನ್ನು ನೋಡಿದರೆ ಸುಮ್ಮನಿರಬೇಡಿ, ಕ್ಲಾಸ್ ಮುಗಿದ ಮೇಲೆ ಪಕ್ಕಕ್ಕೆ ಕರೆದು ಹೇಳಿ. ಮಕ್ಕಳೆದುರು ಹೇಳಬೇಡಿ.

ಚೆಂಡಿನ ಅಳತೆಯನ್ನು ಬಹಳ ಕಡೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 8ರ ಕೆಳಗಿನವರಿಗೆ 3ನೇ ಸೈಜು, 8ರಿಂದ 12ರವರೆಗೆ 4, 13ರಿಂದ 5. ದೊಡ್ಡವರ 5ನೇ ಸೈಜು ಸುತ್ತಳತೆಯಲ್ಲಿ 68–70 ಸೆಂ.ಮೀ., ತೂಕ 410–450 ಗ್ರಾಂ. ಏಳು ವರ್ಷದ ಮಗುವಿಗೆ ಅದನ್ನು ಕೊಟ್ಟರೆ ಪಾದದ ಒಳಬದಿಯಿಂದ ತಳ್ಳಲು ಬಲ ಸಾಲದೆ ಬೆರಳ ತುದಿಯಿಂದ ಒದೆಯುವ ಅಭ್ಯಾಸ ಬೀಳುತ್ತದೆ, ಆಮೇಲೆ ಬಿಡಿಸಲು ವರ್ಷ ಬೇಕು. ಬ್ಯಾಗಿನಲ್ಲಿ ಪಂಪ್ ಇದೆಯೇ ಎಂದೂ ನೋಡಿ. ಗಾಳಿ ಕಮ್ಮಿಯಾದ ಚೆಂಡು ನೆಗೆಯುವುದಿಲ್ಲ, ಅದರಲ್ಲಿ ಕಲಿತ ಫಸ್ಟ್ ಟಚ್, ಅಂದರೆ ಚೆಂಡು ಬಂದಾಗಿನ ಮೊದಲ ಸ್ಪರ್ಶ, ಪಂದ್ಯದ ಚೆಂಡಿಗೆ ಹೊಂದುವುದಿಲ್ಲ.

ಶೂ ವಿಷಯದಲ್ಲಿ ಅಂಗಡಿಯವರ ಮಾತು ಕೇಳಿ ದುಡ್ಡು ಕಳೆದುಕೊಳ್ಳುವವರು ಬಹಳ. ನಗರದ ಬಾಡಿಗೆ ಟರ್ಫುಗಳಿಗೆ ಬೇಕಾದ್ದು ಟಿಎಫ್ ಎಂದು ಬರೆದಿರುವ, ಅಡಿಯಲ್ಲಿ ರಬ್ಬರಿನ ಸಣ್ಣ ಸಣ್ಣ ಗುಬುಟುಗಳಿರುವ ಶೂ. ಎಫ್‌ಜಿ ಎಂದಿರುವ ಉದ್ದ ಸ್ಟಡ್ಡಿನ ಶೂ ಹುಲ್ಲಿನ ಗ್ರೌಂಡಿಗೆ. ಟರ್ಫಿನಲ್ಲಿ ಅದನ್ನು ಹಾಕಿದರೆ ಸ್ಟಡ್ ಕಚ್ಚಿಕೊಂಡು ಪಾದ ಅಲ್ಲೇ ನಿಲ್ಲುತ್ತದೆ, ಮೈ ತಿರುಗುತ್ತದೆ, ಏಟು ಬೀಳುವುದು ಮೊಣಕಾಲಿಗೆ. ಬೆಳೆಯುವ ಮಗು ಎಂದು ಎರಡು ಸೈಜು ದೊಡ್ಡದು ತೆಗೆದುಕೊಂಡರೆ ಪಾದ ಒಳಗೆ ಜಾರಿ ಬೆರಳುಗುರು ಕಪ್ಪಾಗುತ್ತದೆ, ಅರ್ಧ ಬೆರಳಷ್ಟು ಜಾಗ ಸಾಕು. ಮೊಣಕಾಲ ಕೆಳಗಿನ ಮೂಳೆ ಕಾಯುವ ಶಿನ್ ಗಾರ್ಡ್, ಅದರ ಮೇಲೆ ಮೊಣಕಾಲಿನವರೆಗಿನ ಸಾಕ್ಸ್, ಇವು ಮೊದಲ ದಿನದಿಂದಲೇ ಇರಲಿ.

ಟರ್ಫು ಬಿಸಿಲಲ್ಲಿ ಗಾಳಿಗಿಂತ ಬಹಳ ಹೆಚ್ಚು ಕಾಯುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಬೆಳಿಗ್ಗೆ 10ರ ಬ್ಯಾಚಿಗೆ ಸೇರಿಸಬೇಡಿ, 6.30 ಅಥವಾ 7ರದ್ದು ತೆಗೆದುಕೊಳ್ಳಿ, ಇಲ್ಲವೇ ಸಂಜೆ 5ರ ಮೇಲೆ. ನಾರು ನೆಟ್ಟಗಿರಿಸಲು ಹಾಕುವ ಮರಳು, ಕಪ್ಪು ರಬ್ಬರಿನ ಕಾಳು ಹಳೆಯ ಟರ್ಫುಗಳಲ್ಲಿ ಗೋಲಿನ ಮುಂದೆ ಖಾಲಿಯಾಗಿರುತ್ತದೆ. ಅಲ್ಲಿ ಜಾರಿದರೆ ಮೊಣಕಾಲು, ತೊಡೆ ಉಜ್ಜಿ ಸುಟ್ಟಂಥ ಗಾಯ. ಬರಿಯ ನೀರಲ್ಲಿ ಚೆನ್ನಾಗಿ ತೊಳೆದು ಕಸ ತೆಗೆದು ಮುಚ್ಚಬೇಕು. ಮೇ ತಿಂಗಳ ಸಂಜೆಯ ಗುಡುಗು ಮಳೆಯಲ್ಲಿ ಮಕ್ಕಳನ್ನು ಒಳಗೆ ಕಳಿಸಿ, ಕೊನೆಯ ಗುಡುಗಾಗಿ 30 ನಿಮಿಷ ಕಳೆಯುವವರೆಗೆ ಆಟ ಬೇಡ. ಕಬ್ಬಿಣದ ಕಂಬಗಳ ನಡುವೆ ಬಲೆ ಕಟ್ಟಿದ ಜಾಗ ಅದು.

ಹತ್ತರಿಂದ ಹದಿನಾಲ್ಕರ ಮಕ್ಕಳಲ್ಲಿ ಹಿಮ್ಮಡಿ ನೋವು, ಮಂಡಿಚಿಪ್ಪಿನ ಕೆಳಗೆ ಗಂಟಿನಂಥ ನೋವು ಬರುವುದು ಸಾಮಾನ್ಯ. ಮೂಳೆ ಬೇಗ ಬೆಳೆದು, ಅದಕ್ಕಂಟಿದ ಸ್ನಾಯುರಜ್ಜು ಮೂಳೆಯ ಎಳೆ ತುದಿಯನ್ನು ಎಳೆಯುವುದರಿಂದ ಅದು ಬರುತ್ತದೆ. ಆಟದ ಹೊತ್ತು ಕಡಿಮೆ ಮಾಡಿ, ವೈದ್ಯರಿಗೆ ತೋರಿಸಿ ಎನ್ನುವ ಕೋಚ್ ಒಳ್ಳೆಯವರು. ‘ಸ್ಪ್ರೇ ಹೊಡೆದು ಆಡಿಸಿ’ ಎನ್ನುವವರು ತಾವು ಆಡಿದ ದಿನಗಳನ್ನು ಮಗುವಿನ ಮೇಲೆ ಹೇರುತ್ತಿದ್ದಾರೆ. 14 ದಾಟಿದ ಬ್ಯಾಚಿನಲ್ಲಿ ಫಿಫಾದ 11+ ವಾರ್ಮ್ ಅಪ್ ಮಾಡಿಸುತ್ತಾರೆಯೇ ಕೇಳಿ: 15 ಕಸರತ್ತು, 20 ನಿಮಿಷ, ವಾರಕ್ಕೆ ಎರಡು ಸಲವಾದರೂ. ಚಿಕ್ಕವರಿಗೆ ಇದರದೇ ಬೇರೆ ಆವೃತ್ತಿ ಇದೆ. ತಲೆಗೆ ಏಟು ಬಿದ್ದು ಮಗು ಮಂಕಾದರೆ ಆ ದಿನ ಮತ್ತೆ ಆಟಕ್ಕೆ ಇಳಿಸಬಾರದು, ಎಂಥ ಫೈನಲ್ ಇದ್ದರೂ.

ಫೀಸಿನ ಮಾತು. ಟರ್ಫಿನ ಬಾಡಿಗೆಯೇ ದೊಡ್ಡ ಖರ್ಚಾದ್ದರಿಂದ ಮೂರು ತಿಂಗಳದ್ದು ಒಟ್ಟಿಗೆ ಕೇಳುತ್ತಾರೆ. ಮೊದಲ ಸಲ ಒಂದೇ ತಿಂಗಳದ್ದು ಕಟ್ಟಿ, ಐವತ್ತೋ ನೂರೋ ಹೆಚ್ಚಾದರೂ ಪರವಾಗಿಲ್ಲ. ಮಳೆಗೆ ರದ್ದಾದ ಕ್ಲಾಸು ತುಂಬಿಕೊಡುತ್ತಾರೆಯೇ, ಜೆರ್ಸಿ ಫೀಸಿನೊಳಗೋ ಹೊರಗೋ, ಹೆಸರಿರುವ ಕೋಚ್ ತಿಂಗಳ ಎಂಟು ಕ್ಲಾಸಿನಲ್ಲಿ ಎಷ್ಟಕ್ಕೆ ಬರುತ್ತಾರೆ, ಇವನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಮೂರನೆಯದೇ ಮುಖ್ಯ. ಮೊದಲ ವಾರ ಅವರು, ಎರಡನೇ ವಾರದಿಂದ ಕಾಲೇಜು ಹುಡುಗರು ಎಂಬುದು ಈ ಸೇವೆಯ ಬಗ್ಗೆ ಬರುವ ದೊಡ್ಡ ದೂರು. ಆ ಹುಡುಗರ ಮೇಲೆ ಸಿಟ್ಟು ಬೇಡ. ಹಿರಿಯರ ಕಣ್ಣೆದುರು ಕಲಿಸುತ್ತಿದ್ದರೆ ಅವರಲ್ಲೇ ನಾಳಿನ ಕೋಚ್‌ಗಳಿದ್ದಾರೆ.

ಮಗುವಿಗೆ ಆಟ ಹಿಡಿದು, 12–13ಕ್ಕೆ ಬಂದಾಗ ವಾರಾಂತ್ಯದ ಬ್ಯಾಚು ಸಾಲದು. ದುಡ್ಡು ಕೊಟ್ಟರೆ ಮೆಡಲ್ ಸಿಗುವ ಖಾಸಗಿ ಟೂರ್ನಿಗಳು ತಿಂಗಳಿಗೆ ನಾಲ್ಕಿರುತ್ತವೆ, ಅವನ್ನು ಸಾಧನೆಯ ಪಟ್ಟಿಯಲ್ಲಿ ತೋರಿಸುವ ಅಕಾಡೆಮಿಗಿಂತ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ (ಕೆಎಸ್‌ಎಫ್‌ಎ) ನಡೆಸುವ ವಯೋಮಿತಿಯ ಲೀಗುಗಳಿಗೆ ಮಕ್ಕಳನ್ನು ಎಐಎಫ್‌ಎಫ್‌ನ ಆಟಗಾರರ ನೋಂದಣಿ ವ್ಯವಸ್ಥೆಯಾದ ಸಿಆರ್‌ಎಸ್‌ನಲ್ಲಿ ನೋಂದಾಯಿಸಿ ಆಡಿಸುವ ಕಡೆ ಹೋಗಿ. ಹಲಸೂರಿನ ಗೌತಮಪುರದಂಥ, ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡ ಕೇರಿಯಲ್ಲಿ ಈಗಲೂ ಮಕ್ಕಳು ಬ್ಯಾನರಿಲ್ಲದೆ, ಹಿರಿಯ ಆಟಗಾರರ ಗದರಿಕೆಯಲ್ಲೇ ಕಲಿಯುತ್ತಾರೆ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ಎದುರು ಬಹುತೇಕ ಬರಿಗಾಲಲ್ಲೇ ಆಡಿದ ಭಾರತಕ್ಕೆ ಒಂದೇ ಒಂದು ಗೋಲು ಹೊಡೆದುಕೊಟ್ಟ ಸಾರಂಗಪಾಣಿ ರಾಮನ್ ಈ ಊರಿನವರು. 2023ರ ಮಾರ್ಚಿನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಮಣಿಸಿ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ತಂದ ಕರ್ನಾಟಕ ತಂಡದಂಥದ್ದು ಬೆಳೆಯುವುದು ಇಂಥ ಲೀಗುಗಳಲ್ಲಿ.

ಡೆಮೊ ಕ್ಲಾಸಿಗೆ ಹತ್ತು ನಿಮಿಷ ಮುಂಚೆ ಹೋಗಿ. ಕೋಚ್ ಆಗಲೇ ಬಂದು ಕೋನ್ ಇಟ್ಟು, ತಂಡ ಗುರುತಿಸಲು ಹಾಕುವ ಬಣ್ಣದ ಬಿಬ್ ಹಂಚಲು ಎತ್ತಿಟ್ಟು, ಚೆಂಡುಗಳ ಗಾಳಿ ನೋಡುತ್ತಿದ್ದರೆ ಅರ್ಧ ಉತ್ತರ ಸಿಕ್ಕಿತು. ಉಳಿದರ್ಧಕ್ಕೆ ಗುಂಪಿನಲ್ಲಿ ಎಲ್ಲರಿಗಿಂತ ಹಿಂದಿರುವ ಮಗುವನ್ನು ಆರಿಸಿಕೊಂಡು, 75 ನಿಮಿಷದಲ್ಲಿ ಕೋಚ್ ಅದರ ಹೆಸರು ಹಿಡಿದು ಎಷ್ಟು ಸಲ ಮಾತಾಡಿಸಿದರು ಎಂದು ಎಣಿಸಿ. ಮೂರಕ್ಕಿಂತ ಹೆಚ್ಚಾದರೆ ಫೀಸು ಕಟ್ಟಿ.